ಮಬ್ಬಾದ ಕಿಂಡಿ

ಗೋಕಾಕದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ, ಮೂಡಲಗಿಯಲ್ಲಿ ನನ್ನ ದೋಸ್ತನದೊಂದು. ಇಬ್ಬರೂ ಒಬ್ಬರೇ ಉಸ್ತಾದರ ಕೈಕೆಳಗೆ ಕೆಲಸ ಕಲಿತವರು, ಕಲಿತ ಮೇಲೆ ಬೇರೆ ಬೇರೆ ಕಂಪನಿಯ ಕ್ಯಾಮೆರಾ ಕೊಂಡವರು. ಅಂದು ಹತ್ತಿದ ಜಗಳ ಬಹಳ ವರ್ಷ ನಡೆಯಿತು. ನನ್ನ ಕಂಪನಿಯಲ್ಲಿ ಮುಖದ ಬಣ್ಣ ಚೆಂದ ಬರುತ್ತದೆ ಎಂದು ನಾನು, ಅವನದು ಗಟ್ಟಿ, ಕೈಜಾರಿ ಬಿದ್ದರೂ ಏನೂ ಆಗದು ಎಂದು ಅವನು. ಒಂದೇ ಮದುವೆಗೆ ಇಬ್ಬರನ್ನೂ ಕರೆದರೆ ಬೀಗರಿಗಿಂತ ಬಿಗಿಯಾಗಿ ನಿಲ್ಲುತ್ತಿದ್ದೆವು. ಬೀಗರು ಊಟದ ಹೊತ್ತಿಗಾದರೂ ರಾಜಿಯಾಗುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರದು ಒಂದೇ ಮಾತಿತ್ತು. ಮಿರರ್‌ಲೆಸ್ ಎಂಬ ಹೊಸ ಕ್ಯಾಮೆರಾ ನಮಗೆ ಬೇಡ. ನಾವು ಬಳಸುತ್ತಿದ್ದ ಡಿಎಸ್‌ಎಲ್‌ಆರ್‌ನೊಳಗೆ ಒಂದು ಕನ್ನಡಿ ಇರುತ್ತದೆ. ಎದುರಿಗಿರುವುದನ್ನು ಅದು ಹಿಂದಿನ ಕಿಂಡಿಗೆ ತಂದು ತೋರಿಸುತ್ತದೆ. ಗುಂಡಿ ಒತ್ತಿದರೆ ಖಟ್ ಎಂದು ಮೇಲೇಳುತ್ತದೆ. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲ, ಕಿಂಡಿಯಲ್ಲಿ ಬೆರಳಿನ ಉಗುರಿನಷ್ಟು ಪರದೆ.

"ಮದುವಿ ಮುಂದ ನಿಂತು ಟಿವಿ ನೋಡೂದು ಎಲ್ಲಿ ಶಾಣ್ಯಾತನ?" ಎನ್ನುತ್ತಿದ್ದ ದೋಸ್ತ.

ಹಿಂದಿನ ಮದುವೆ ಸೀಸನ್ನು ಶುರುವಾಗುವ ಹೊತ್ತಿಗೆ ನನ್ನ ಕ್ಯಾಮೆರಾದ ಕಿಂಡಿ ಮಬ್ಬಾಗತೊಡಗಿತು. ಒರೆಸಿದೆ, ಊದಿದೆ, ಬಿಸಿಲಿಗಿಟ್ಟೆ. ಬೆಳಗಾವಿಗೆ ಒಯ್ದು ರಿಪೇರಿಯವನ ಮುಂದಿಟ್ಟರೆ ಅವನು ಒಂದು ಸಲ ನೋಡಿ, "ಏನೂ ಆಗಿಲ್ರಿ ಇದಕ" ಎಂದು ತಿರುಗಿ ಕೊಟ್ಟ. ಇವನಿಗೆ ಕೆಲಸವೇ ಗೊತ್ತಿಲ್ಲ ಎಂದು ಬೈದುಕೊಂಡು ಬಂದೆ. ಅದೇ ತಿಂಗಳು ಒಂದು ಮದುವೆಯಲ್ಲಿ ದೋಸ್ತನ ಕ್ಯಾಮೆರಾ ಇಸಿದುಕೊಂಡು ನೋಡಿದೆ. ಅದೂ ಮಬ್ಬು. ಅವನ ಕಂಪನಿಯದೂ ಅಷ್ಟೇ ಎಂದು ಮಂದಿಯ ಮುಂದೆಯೇ ಹೇಳಿಬಿಟ್ಟೆ.

"ಧೂಳ ಹಿಡದೀತು. ಅಷ್ಟಕ್ಕ ಕಂಪನಿ ಮ್ಯಾಲ ಯಾಕ ಹೋಗ್ತಿ?" ಎಂದು ಅವನು ಕ್ಯಾಮೆರಾ ಕಸಿದುಕೊಂಡ. ಆಮೇಲೆ ಫೋನು ಮಾಡುವುದನ್ನೇ ಬಿಟ್ಟ.

ನಾನು ಹಟಕ್ಕೆ ಬಿದ್ದು ಮಿರರ್‌ಲೆಸ್ ಕೊಂಡೆ. ಅದೂ ನನ್ನ ಕಂಪನಿಯದಲ್ಲ, ಅವನದೂ ಅಲ್ಲ, ಮೂರನೆಯದು. ಸುದ್ದಿ ಮೂಡಲಗಿ ಮುಟ್ಟಲು ಒಂದು ದಿನ ಹಿಡಿಯಲಿಲ್ಲ. ಮಾತು ಬಿಟ್ಟವನು ಮೆಸೇಜು ಕಳಿಸಿದ: "ಪಕ್ಷಾ ಬಿಟ್ಟಿ ಬಿಡಪಾ. ಮಂತ್ರಿಗಿರಿ ಏನರ ಕೊಟ್ಟಾರೇನು?"

ಹೊಸ ಕ್ಯಾಮೆರಾ ಕೆಟ್ಟದೇನಲ್ಲ, ನ್ಯಾಯವಾಗಿಯೇ ಹೇಳುತ್ತೇನೆ. ದಿನವಿಡೀ ಕೊರಳಿಗೆ ಹಾಕಿಕೊಂಡರೂ ಹೆಗಲು ನೋಯುವುದಿಲ್ಲ. ಹಿಡಕಲ್ ಡ್ಯಾಮಿನ ಹತ್ತಿರ, ಮದುವೆಯಾಗುವ ಜೋಡಿಯನ್ನು ಇಳಿಹೊತ್ತಿನ ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿದರೆ, ಮುಖ ಕಪ್ಪಾಗುತ್ತದೋ ಇಲ್ಲವೋ ಎಂದು ಹೊಡೆಯುವ ಮೊದಲೇ ತಿಳಿಯುತ್ತದೆ. ಎದುರಿನವರ ಕಣ್ಣನ್ನು ತಾನೇ ಹುಡುಕಿ ಅದರ ಮೇಲೆ ಪುಟ್ಟ ಚೌಕ ಕೂರಿಸುತ್ತದೆ, ಚೌಕ ಕೂತದ್ದು ಸ್ಪಷ್ಟ ಬರುತ್ತದೆ. ಆದರೆ ಬ್ಯಾಟರಿಯನ್ನು ನೀರು ಕುಡಿದಂತೆ ಕುಡಿಯುತ್ತದೆ. ಮತ್ತೆ ಸದ್ದಿಲ್ಲ. ನಮ್ಮ ಕಡೆಯ ಹಿರಿಯರು ಖಟ್ ಎನ್ನುವವರೆಗೆ ಉಸಿರು ಹಿಡಿದು ನಿಲ್ಲುವವರು. ನಾನು ಹೊಡೆದು ಮುಗಿಸಿ ಮುಂದೆ ಹೋದರೂ ಅವರು ಅಲ್ಲೇ ಕಂಬದಂತೆ ನಿಂತು, "ಹೊಡದ್ರೇನ್ರಿ?" ಎಂದು ಕೇಳುತ್ತಿದ್ದರು. ಕಡೆಗೆ ಬಾಯಲ್ಲೇ "ಖಟ್" ಎನ್ನುವುದನ್ನು ರೂಢಿ ಮಾಡಿಕೊಂಡೆ.

ಆದರೆ ಯಾವ ಮಬ್ಬಿಗೆ ಹೇಸಿ ಹಳೆಯದನ್ನು ಬಿಟ್ಟೆನೋ ಆ ಮಬ್ಬು ಇದರಲ್ಲೂ ಇತ್ತು. ಚಹಾ ಸೋಸಿದ ಅರಿವೆಯೊಳಗಿಂದ ನೋಡಿದಂತೆ, ಎಲ್ಲ ತುಸು ಹಳದಿ. ಅಂಗಡಿಯವನಿಗೆ ದಬಾಯಿಸಿದೆ. ಅವನು ನೋಡಿ, "ಹಾಲಿನಂಗ ಸ್ವಚ್ಛ ಐತಲ್ರಿ ಸರ" ಎಂದ. ಮನೆಗೆ ಬಂದು ಇದನ್ನೆಲ್ಲ ಒದರಾಡಿದರೆ ನನ್ನ ಹೆಂಡತಿ ಜೋಳದ ಹಿಟ್ಟು ನಾದುತ್ತಲೇ ಕೇಳಿದಳು:

"ಮೂರೂ ಕಂಪನಿ ಕ್ಯಾಮೆರಾ ಕೆಟ್ಟಾವು ಅಂತೀರಿ. ಅವರೆಲ್ಲಾ ಕೂಡಿ ನಿಮಗಷ್ಟ ಮೋಸ ಮಾಡ್ಯಾರೇನ್ರಿ?"

ಅವಳಿಗೆ ಕ್ಯಾಮೆರಾದ ವಿಷಯ ಏನು ಗೊತ್ತು ಎಂದುಕೊಂಡು ಮತ್ತೆ ಕಿಂಡಿ ಒರೆಸುತ್ತ ಕೂತೆ.

ಹುಕ್ಕೇರಿಯಲ್ಲೊಂದು ಮದುವೆ. ಬ್ಯಾಂಡು ಬಾರಿಸುವವರು ಒಮ್ಮೆಲೇ ಜೋರು ಮಾಡಿದರು, ನಾಲ್ಕೂ ಕಡೆಯಿಂದ ಅಕ್ಕಿಕಾಳು ಬಿದ್ದವು. ಯಾರೋ ಬಲವಾಗಿ ಬೀಸಿದ ಮುಷ್ಟಿಯೊಳಗಿನ ಕಾಳೊಂದು ನೇರ ನನ್ನ ಬಲಗಣ್ಣಿಗೆ ಬಡಿಯಿತು. ನೀರು ಸುರಿಯತೊಡಗಿತು, ಕಣ್ಣು ತೆರೆಯಲು ಬರಲಿಲ್ಲ. ತಾಳಿ ಕಟ್ಟುವ ಗಳಿಗೆ ಯಾರಿಗೂ ಕಾಯುವುದಿಲ್ಲ. ಅಷ್ಟು ವರ್ಷದ ಕಸುಬಿನಲ್ಲಿ ಮೊದಲ ಬಾರಿಗೆ ಎಡಗಣ್ಣನ್ನು ಕಿಂಡಿಗೆ ಹಚ್ಚಿದೆ.

ಮಬ್ಬು ಇರಲಿಲ್ಲ. ವಧುವಿನ ಕೆನ್ನೆಯ ಅರಿಷಿಣ ಅರಿಷಿಣವಾಗಿತ್ತು, ವರನ ಅಂಗಿ ಅಚ್ಚ ಬಿಳಿಯಾಗಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮೂರು ಕಂಪನಿಗಳನ್ನು, ಬೆಳಗಾವಿಯ ರಿಪೇರಿಯವನನ್ನು, ಒಬ್ಬನೇ ಒಬ್ಬ ದೋಸ್ತನನ್ನು ಬೈದಿದ್ದೆ. ಕೆಟ್ಟದ್ದು ನನ್ನ ಬಲಗಣ್ಣು. ಕಿಂಡಿಗೆ ಯಾವಾಗಲೂ ಅದನ್ನೇ ಹಚ್ಚುತ್ತಿದ್ದೆ. ಉಳಿದ ಹೊತ್ತು ಎಡಗಣ್ಣು ಅದರ ಪಾಲಿನದನ್ನೂ ನೋಡುತ್ತಿದ್ದುದರಿಂದ ನನಗೆ ತಿಳಿದಿರಲಿಲ್ಲ. ಆ ಮಂಟಪದಲ್ಲಿ ನಿಂತು ನಾನು ಹೆದರಿದೆ. ನನಗೆ ಬೇರೆ ಕೆಲಸ ಬರುವುದಿಲ್ಲ. ಉಳಿದ ಮದುವೆಯನ್ನು ಎಡಗಣ್ಣಿನಲ್ಲೇ ಮುಗಿಸಿದೆ. ಎಡಗಣ್ಣು ಹಚ್ಚಿದರೆ ಮೂಗು ಕ್ಯಾಮೆರಾದ ಬೆನ್ನಿಗಿರುವ ಟಚ್ ಪರದೆಗೆ ತಾಗಿ, ಕಣ್ಣು ಹುಡುಕುವ ಆ ಚೌಕ ಎಲ್ಲೆಲ್ಲಿಗೋ ಓಡುತ್ತಿತ್ತು. ಒಂದು ಫೋಟೋದಲ್ಲಿ ವರನ ಬದಲು ಹಿಂದಿನ ಫ್ಯಾನು ಸ್ಪಷ್ಟ ಬಂದಿದೆ.

ಕಣ್ಣಿನ ಡಾಕ್ಟರು ಪೊರೆ ಎಂದರು. "ಇಷ್ಟ ಬಲಿಯೂ ತನಕ ಯಾಕ ಬಿಟ್ರಿ? ಆಪರೇಷನ್ ಮಾಡೂಣು, ನೋಡೂಣು." ಆ 'ನೋಡೂಣು' ಎಂಬುದು ಮನೆಗೆ ಬಂದರೂ ಕಿವಿ ಬಿಡಲಿಲ್ಲ. ಆಪರೇಷನ್ನಿಗೆ ಹೋಗುವ ದಿನ ಹೆಂಡತಿಗೆ ಸ್ಟುಡಿಯೋದ ಕೀಲಿ ಕೊಟ್ಟೆ. "ಇದನ್ಯಾಕ ನನಗ ಕೊಡ್ತೀರಿ? ನಾಳೆ ನೀವ ತಗೀರಿ" ಎಂದು ನನ್ನ ಕಿಸೆಗೇ ತುರುಕಿದಳು.

ಆಪರೇಷನ್ ಆಗಿ ಕೆಲವು ವಾರಕ್ಕೆ, ಇನ್ನು ಕ್ಯಾಮೆರಾ ಹಿಡಿಯಬಹುದು ಎಂದು ಡಾಕ್ಟರು ಹೇಳಿದ ದಿನವೇ, ಸುದ್ದಿ ಕೇಳಿ ದೋಸ್ತ ಮನೆಗೆ ಬಂದ. ಯಾವುದೋ ಕೆಲಸ ಮುಗಿಸಿ ನೇರ ಬಂದವನು, ಕ್ಯಾಮೆರಾ ಕೊರಳಲ್ಲೇ ಇತ್ತು. ನಾನು ಕೈ ಚಾಚಿದೆ. ಕೊರಳಿಂದ ತೆಗೆದು ಕೊಟ್ಟ. ಬಲಗಣ್ಣಿಗೆ ಹಚ್ಚಲು ಧೈರ್ಯ ಬರಲು ತುಸು ಹೊತ್ತು ಹಿಡಿಯಿತು. ಹಚ್ಚಿದೆ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳ ಕೈಗೆ ಹತ್ತಿದ ಜೋಳದ ಹಿಟ್ಟು ಎಷ್ಟು ಬಿಳಿಯಿತ್ತೆಂದರೆ ನನಗೆ ಅಳು ಬಂತು.

"ನಿನ್ನ ಕಂಪನಿದ ಭಾಳ ಸ್ವಚ್ಛ ಐತಿ ಬಿಡಪಾ" ಎಂದೆ. ಜನ್ಮದಲ್ಲಿ ಮೊದಲ ಸಲ ಅವನ ಕ್ಯಾಮೆರಾ ಹೊಗಳಿದ್ದೆ. ಇನ್ನು ಸಂಜೆಯವರೆಗೆ ಬಡಾಯಿ ಕೇಳಬೇಕು ಎಂದುಕೊಂಡೆ.

ಅವನು ಬಡಾಯಿ ಕೊಚ್ಚಲಿಲ್ಲ. ಕ್ಯಾಮೆರಾ ತೆಗೆದುಕೊಂಡು ಅದೇ ಬಾಗಿಲ ಕಡೆ ಹಿಡಿದು ಬಲಗಣ್ಣು ಹಚ್ಚಿದ. ಆಮೇಲೆ ಎಡಗಣ್ಣು ಹಚ್ಚಿದ. ಮತ್ತೆ ಬಲಗಣ್ಣು.

"ಇದರಾಗ ಧೂಳ ಇಲ್ಲಾ?" ಎಂದು ಮೆಲ್ಲಗೆ ಕೇಳಿದ.

"ಇಲ್ಲ."

ಕ್ಯಾಮೆರಾಕ್ಕೆ ಮುಚ್ಚಳ ಹಾಕಿ ತೊಡೆಯ ಮೇಲಿಟ್ಟುಕೊಂಡ.

"ಆ ಡಾಕ್ಟರ ಯಾವ ದಿನ ಇರ್ತಾರ?" ಎಂದ. "ನೀನೂ ನನ್ನ ಜೋಡಿ ಬಾ."