ಜಯನಗರದ ಕಾಜಿಮಿಯೆಶ್

ಎಪ್ಪತ್ತರ ದಶಕದಲ್ಲಿ, ಮದುವೆಯಾಗಿ ಪೋಲೆಂಡಿನಿಂದ ಜಯನಗರಕ್ಕೆ ಬಂದ ಮೊದಲ ವಾರವೇ ಒಂದು ಸಂಗತಿ ತಿಳಿದು ತಬ್ಬಿಬ್ಬಾದೆ. ನಮ್ಮತ್ತೆ ಒಂದೇ ಒಂದು ಸಲವೂ ಗಂಡನ ಹೆಸರು ಹಿಡಿದು ಕರೆದವರಲ್ಲ. ಸೊಸೆಯಾದ ನಾನೂ ಮಾವನ ಹೆಸರು ಹೇಳುವಂತಿರಲಿಲ್ಲ.

ನಮ್ಮಲ್ಲಾದರೋ ಹೆಸರಿಗೇ ಹಬ್ಬವಿದೆ. ‘ಇಮ್ಯೆನಿನಿ’ ಎನ್ನುತ್ತೇವೆ, ಹುಟ್ಟುಹಬ್ಬಕ್ಕಿಂತ ದೊಡ್ಡದು. ನನ್ನ ಅಪ್ಪ ಕಾಜಿಮಿಯೆಶ್. ಆ ಹೆಸರಿನ ಒಬ್ಬ ರಾಜ ಒಡೆದುಹೋಗಿದ್ದ ದೇಶವನ್ನು ಕೂಡಿಸಿದ. ಇನ್ನೊಬ್ಬ ಮರದ ಪೋಲೆಂಡನ್ನು ಕಲ್ಲಿನಲ್ಲಿ ಕಟ್ಟಿಹೋದ. ರಾಜಕುಮಾರನೊಬ್ಬ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡು ಸಂತನೆನಿಸಿದ. ಆ ಸಂತನ ದಿನ ಮಾರ್ಚ್ ನಾಲ್ಕು. ಅಂದು ಕರೆಯದೆಯೇ ಜನ ಹೂ ಹಿಡಿದು ನಮ್ಮ ಮನೆಗೆ ಬರುತ್ತಿದ್ದರು. ಟ್ರಾಮ್ ಓಡಿಸುವ ಅಪ್ಪ ಅವತ್ತೊಂದು ದಿನ ಮಹಾರಾಜರು!

ಇಲ್ಲಿಯ ಮೊದಲ ಮಾರ್ಚ್ ನಾಲ್ಕರಂದು ನಾನೂ ಬಾಗಿಲು ತೆರೆದು ಕಾಯುತ್ತಾ ಕೂತೆ. ಪಕ್ಕದ ಮನೆಯಾಕೆ ಇಣುಕಿ, “ಯಾಕ್ರೀ ಬಾಗ್ಲು ತೆಗ್ದಿಟ್ಟಿದೀರಾ? ಸೊಳ್ಳೆ ಬರುತ್ತೆ” ಎಂದರು. ನಗು ಬಂತು, ಬೆನ್ನಿಗೇ ಅಳುವೂ ಬಂತು. ಕೂತಲ್ಲಿ ಕೂರಲಾಗದೆ ಬನಶಂಕರಿಯವರೆಗೂ ನಡೆದುಬಿಟ್ಟೆ.

ಮಗ ಹುಟ್ಟಿದಾಗ, ಗಂಡುಮಕ್ಕಳಿಲ್ಲದ ಅಪ್ಪ ಪತ್ರ ಬರೆದರು: ‘ನನ್ನ ಹೆಸರು ನನ್ನೊಂದಿಗೇ ಮುಗಿಯದಿರಲಿ.’ ಆದರೆ ಈ ಮನೆಯಲ್ಲಿ ಮೊದಲ ಮೊಮ್ಮಗನಿಗೆ ತಾತನ ಹೆಸರೇ. ನನ್ನ ಸಪ್ಪೆ ಮುಖ ನೋಡಿ ಅತ್ತೆಯೇ ದಾರಿ ತೋರಿಸಿದರು.

“ಮಾವನ ಹೆಸ್ರು ನೀನು ಕರಿಯೋ ಹಾಗಿಲ್ವಲ್ಲಮ್ಮ. ಕರಿಯೋಕೆ ಇನ್ನೊಂದು ಹೆಸ್ರು ಬೇಕೇ ಬೇಕು. ಅದನ್ನ ನೀನೇ ಇಡು.”

ಹೀಗೆ ಜಯನಗರದಲ್ಲೂ ಒಬ್ಬ ಕಾಜಿಮಿಯೆಶ್ ಅಂಬೆಗಾಲಿಟ್ಟ. ಗಂಡನ ಹೆಸರು ಹೇಳದ ಅತ್ತೆಗೂ ಬೇರೆ ಗತಿಯಿರಲಿಲ್ಲ. “ಕಾಜೀ, ದೋಸೆ ಆರೋಗುತ್ತೆ ಬಾರೋ” ಎಂದು ಅವರು ಕೂಗಿದಾಗಲೆಲ್ಲ ನಾನು ಒಳಗೊಳಗೇ ಬೀಗುತ್ತಿದ್ದೆ.

ಶಾಲೆಗೆ ಸೇರಿಸುವ ದಿನ ಮಾವನವರೂ ಜೊತೆಗೆ ಬಂದರು, ಇಸ್ತ್ರಿ ಮಾಡಿದ ಪಂಚೆ ಉಟ್ಟು. ಅರ್ಜಿಯ ಮೊದಲ ಸಾಲಿನಲ್ಲೇ ಮಗುವಿನ ಹೆಸರು ಬರೆಯಬೇಕಿತ್ತು. ನನ್ನ ಪೆನ್ನು ನಿಂತದ್ದನ್ನು ಕಂಡು ಮಾವ ಮೆಲ್ಲಗೆ, “ಯಾವ್ದಾದ್ರೂ ಬರಿಯಮ್ಮ. ನಂಗೇನೂ ಬೇಜಾರಿಲ್ಲ” ಎಂದು ಕಿಟಕಿಯ ಕಡೆ ತಿರುಗಿದರು. ಅವರಿಗೆ ಬೇಜಾರಿತ್ತು, ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

“ಬೇಗ ಮೇಡಂ, ಹಿಂದೆ ಕ್ಯೂ ಇದೆ” ಎಂದರು ಗುಮಾಸ್ತರು.

ಬಾಯಲ್ಲಿ ಎಂದೂ ಆಡದ ಮಾವನ ಹೆಸರನ್ನು ಬರೆದೆ. ಓದಿ ಅವರ ಕಣ್ಣು ತುಂಬಿತು. ನನಗೆ ಸಮಾಧಾನವೂ ಆಯಿತು, ಅಪ್ಪನ ಮುಖ ನೆನೆದು ನಾಚಿಕೆಯೂ ಆಯಿತು.

ಸಂಜೆ ಅಪ್ಪನಿಗೆ ಪತ್ರ ಬರೆದೆ: ‘ಕಾಜಿಮಿಯೆಶ್ ಇವತ್ತು ಶಾಲೆಗೆ ಸೇರಿದ.’