ಬಿಲ್ಲೆಯ ಸುತ್ತ ಇಪ್ಪತ್ತು ಹೆಸರು

ಲೇಪೇಕಾ ಕಂಪ್ಯೂಟರ್ ಮುಂದೆ ಕೂತಾಗಲೆಲ್ಲ ಅವಳ ಕೈ ತೆಂಗಿನ ಹಾಲಿನ ವಾಸನೆ ಹೊಡೆಯುತ್ತಿತ್ತು. ಸೊಂಟಕ್ಕೆ ಸುತ್ತಿ ಉಟ್ಟ ಲಾವಲಾವಾ ಬಟ್ಟೆಯ ಅಂಚಿಗೆ ಕೈ ಒರೆಸಿಕೊಂಡು ಎರಡು ಅಕ್ಷರ ಒತ್ತುವಷ್ಟರಲ್ಲಿ ಅಡುಗೆಮನೆಯಿಂದ ಕೂಗು: "ಲೇಪೇಕಾ!"

ಸವಾಯಿ ದ್ವೀಪದ ಆ ಮನೆಗೆ ಅವಳು ಸೊಸೆಯಾಗಿ ಬಂದು ಹನ್ನೊಂದು ವರ್ಷ. ಅಲ್ಲಿ ಅವಳ ಹೆಸರು ಕೂಗುವುದಕ್ಕಷ್ಟೇ ಬಳಕೆಯಾಗಿತ್ತು, ಬರೆಯುವುದಕ್ಕಲ್ಲ.

ಆ ಭಾನುವಾರ ಹೊಸ ಚರ್ಚಿನ ಬಾಗಿಲು ತೆರೆಯುವುದಿತ್ತು. ಬಂದವರಿಗೆ ಹಂಚಲು ಊರ ಹೆಂಗಸರ ಹಾಡುಗಳನ್ನು ಸಿ.ಡಿ. ಮಾಡಿಸಿದ್ದರು. ಬಿಲ್ಲೆಯ ಮೇಲೆ ಅಂಟಿಸುವ ಲೇಬಲ್ಲು, ಡಬ್ಬಿಯ ಹೊದಿಕೆ ಲೇಪೇಕಾಳ ಪಾಲಿಗೆ ಬಂದವು. ಮದುವೆಗೆ ಮುಂಚೆ ಅವಳು ಶಾಲೆಯೊಂದರಲ್ಲಿ ಟೈಪು ಮಾಡುತ್ತಿದ್ದಳಲ್ಲ. ಆಕ್ಲೆಂಡಿನ ನೆಂಟರು ಕಳಿಸಿದ ಕಂಪ್ಯೂಟರು ಮುಂದಿನ ಕೋಣೆಯಲ್ಲೇ ಇತ್ತು. ಹಾಡು ಕಲಿಸುವ ಫೆರೆಟಿ ಮೇಷ್ಟ್ರು ಬಂದು ಅದಕ್ಕೆ ಚಿತ್ರ ಮಾಡುವ ಮೂರು ಸಾಫ್ಟ್‌ವೇರು ಹಾಕಿಕೊಟ್ಟರು.

"ಮೊದಲನೇದನ್ನೇ ಕಲೀರಿ. ಅಚ್ಚಿನ ಮನೆಯೋರೆಲ್ಲ ಅದರಲ್ಲೇ ಮಾಡೋದು" ಎಂದರು.

ಮೊದಲನೆಯದು ತೆರೆದರೆ ಪರದೆಯ ಎರಡೂ ಬದಿಗೆ ಸಾಸಿವೆ ಚೆಲ್ಲಿದಂತೆ ಗುರುತುಗಳು. ಎರಡು ದಿನ ಹೆಣಗಿ ಒಂದು ವೃತ್ತ ಬರೆದು, ಒಳಗೊಂದು ದಾಸವಾಳ ಕೂರಿಸಿದಳು. ಅತ್ತೆಗೆ ಕೋಕೋ ಕೊಡಲು ಎದ್ದು ಹೋಗಿ ಬರುವಷ್ಟರಲ್ಲಿ ಯಾರೋ ಗುಂಡಿ ಒತ್ತಿ ಯಂತ್ರ ಆರಿಸಿದ್ದರು. ಹೂವೂ ಇಲ್ಲ, ವೃತ್ತವೂ ಇಲ್ಲ. ಎರಡನೆಯದು ಪುಕ್ಕಟೆ ಕೊಟ್ಟದ್ದಕ್ಕೆ ಅಚ್ಚಾದ ಹಾಳೆಯ ಮೇಲೆಲ್ಲ ತನ್ನ ಹೆಸರನ್ನೇ ಅಡ್ಡಡ್ಡ ಬರೆದುಕೊಳ್ಳುತ್ತಿತ್ತು.

ಮೂರನೆಯದು ಲೇಬಲ್ ಹಾಳೆಗಳ ಕಟ್ಟಿನ ಜೊತೆ ಬಂದದ್ದು. ತೆರೆದ ಕೂಡಲೇ ದುಂಡನೆಯ ಲೇಬಲ್ಲೋ, ಹೊದಿಕೆಯೋ ಎಂದು ಕೇಳಿತು. ದುಂಡು ಎಂದರೆ ನಡುವಿನ ತೂತಿನ ಸಮೇತ ಬಿಲ್ಲೆ ಮೂಡಿತು. ತಾರೋ ಗಡ್ಡೆ ಹೆರೆಯಲು ಕರೆದರು, ಹೋದಳು. ಬಂದು ನೋಡಿದರೆ ಬಿಟ್ಟಲ್ಲೇ ಇತ್ತು. ಮಧ್ಯೆ ಕರೆಂಟು ಹೋಗಿ ಬಂದಿದ್ದರೂ ಬಿಟ್ಟಲ್ಲೇ.

"ಅದು ಮಕ್ಕಳ ಆಟದ್ದು ಕಣಮ್ಮ" ಎಂದು ಫೆರೆಟಿ ನಕ್ಕರು.

"ಮೇಷ್ಟ್ರೇ, ನೀವು ಒಂದು ಸಲ ಕೂತು ಮುಗಿಸ್ತೀರಿ. ನಾನು ಇಪ್ಪತ್ತು ಸಲ ಎದ್ದು ಮುಗಿಸ್ಬೇಕು. ಎದ್ದು ಹೋದ್ರೂ ಕಾದು ಕೂತಿದ್ದು ಇದೊಂದೇ."

ಹಾಡಿದವರ ಪಟ್ಟಿಯಲ್ಲಿ ಊರಿನ ಹದಿಮೂರು ಹೆಣ್ಣುಮಕ್ಕಳ ಹೆಸರಿದ್ದವು. ಕೊನೆಯ ಸಾಲು: 'ಮತ್ತು ಸೊಸೆಯಂದಿರು'. ಸೊಸೆಯಂದಿರು ಏಳು ಜನ. ಅಭ್ಯಾಸಕ್ಕೆ ಚಾಪೆ ಹಾಸಿದವರು, ಮುಗಿದ ಮೇಲೆ ಬಟ್ಟಲು ತೊಳೆದವರು, ಕೆಳದನಿಯನ್ನು ಹೊತ್ತವರು. ಲೇಪೇಕಾ ಬಿಲ್ಲೆಯ ಅಂಚಿನ ಸುತ್ತ ಇಪ್ಪತ್ತೂ ಹೆಸರು ಬರೆದಳು. ದುಂಡಗೆ ಬರೆದರೆ ಯಾರು ಮೊದಲು, ಯಾರು ಕೊನೆ ಎಂಬ ಜಗಳವಿಲ್ಲವೆಂದುಕೊಂಡಳು.

ಗಂಡನ ಅಕ್ಕ ಸೀನಾಪಾತಿ ಶುಕ್ರವಾರ ಬಂದು ಬಗ್ಗಿ ನೋಡಿದಳು. "ಕೊನೇ ಸಾಲು ಎಲ್ಲಿ ಹೋಯ್ತು?"

"ಆ ಸಾಲಿನೋರೇ ಬಂದಿದಾರಲ್ಲ, ಅತ್ತಿಗೆ. ಏಳೂ ಜನ."

"ಓಹೋ! ಹೊರಗಿಂದ ಬಂದೋರ ಹೆಸರೆಲ್ಲ ಬರೀತಾ ಹೋದ್ರೆ ಊರು ಯಾರದ್ದು ಅನ್ನೋದೇ ಮರ್ತುಹೋಗುತ್ತೆ."

"ಹಾಡೋವಾಗ ಏಳು ದನಿ ಬೇಕಾಗಿತ್ತಲ್ಲ."

"ದನಿ ಇರ್ಲಿ ಬಿಡು. ಹೆಸರು ಬೇಕಿದ್ರೆ ನಿನ್ನ ತವರಲ್ಲಿ ಹಾಕಿಸ್ಕೋ."

ಲೇಪೇಕಾ ಅಳಿಸಲಿಲ್ಲ. ಶನಿವಾರ ಮೂರು ಗಂಟೆಗೆ ಫೆರೆಟಿ ಬಂದು ಲೇಬಲ್ಲು ಒಯ್ಯುವವರಿದ್ದರು. ಮಧ್ಯಾಹ್ನ ಅಚ್ಚಿಗೆ ಹಾಕಬೇಕು ಎನ್ನುವಾಗ ಮಾರನೆಯ ದಿನದ ಊಟಕ್ಕೆ ತೆಂಗಿನ ಹಾಲು ಹಿಂಡಲು ಕರೆ ಬಂತು. ನಲವತ್ತು ಕಾಯಿ. ಹಿಂಡಿ ಬಂದು ನೋಡಿದರೆ ಬಿಲ್ಲೆಯ ಸುತ್ತ ಹದಿಮೂರು ಹೆಸರು, ಉಳಿದ ಜಾಗದಲ್ಲಿ 'ಮತ್ತು ಸೊಸೆಯಂದಿರು'. ಅವಳು ನೆಚ್ಚಿ ಆರಿಸಿದ ಸಾಫ್ಟ್‌ವೇರು ಅದನ್ನೂ ಅಷ್ಟೇ ಜೋಪಾನವಾಗಿ ಕಾಪಾಡಿಟ್ಟಿತ್ತು.

ಅಂಗಳದಲ್ಲಿ ಗಂಡ ಇಸಾಕೊ ನೆಲದ ಒಲೆಯಲ್ಲಿ ಕಾಯಿಸುವ ಕಲ್ಲು ಆರಿಸುತ್ತಿದ್ದ.

"ಅಕ್ಕನ ಮಾತಿಗೆ ನಾನು ಎದುರಾಡೋ ಹಾಗಿದ್ಯಾ, ನೀನೇ ಹೇಳು" ಎಂದ. "ಹೆಸರಿಲ್ದಿದ್ರೆ ನಿನ್ನ ಹಾಡು ಯಾರಿಗೂ ಕೇಳ್ಸಲ್ವಾ?"

"ಕೇಳ್ಸುತ್ತೆ. ಅದಕ್ಕೇ ಹೆಸರು ಕೇಳ್ತಿರೋದು."

ಅವನು ಮತ್ತೊಂದು ಕಲ್ಲು ಎತ್ತಿಕೊಂಡ.

ಒಳಗೆ ಬಂದು ಏಳು ಹೆಸರನ್ನೂ ಮತ್ತೆ ಒತ್ತಿದಳು. ತನ್ನದನ್ನು ಒತ್ತುವಾಗ ಬೆರಳು ಎರಡು ಸಲ ತಪ್ಪಿತು. ಇದ್ದದ್ದು ಮೂವತ್ತೇ ಹಾಳೆ, ಒಂದೊಂದರಲ್ಲಿ ಎರಡು ಲೇಬಲ್ಲು. ಹಳೆಯ ಪ್ರಿಂಟರು, ಪಕ್ಕದಲ್ಲೇ ನಿಂತು ಹಾಳೆಯನ್ನು ಒಂದೊಂದಾಗಿ ನೆಟ್ಟಗೆ ಒಳಗಿಡಬೇಕು.

ಒಂಬತ್ತನೆಯ ಹಾಳೆಗೆ ಕೂಗು ಬಂತು. "ಲೇಪೇಕಾ! ಅನ್ನ ತಳ ಹಿಡೀತಿದೆ!"

ಕಾಲು ತಾನಾಗಿ ಬಾಗಿಲ ಕಡೆ ತಿರುಗಿತು. ಹೋದರೆ ಈ ಕುರ್ಚಿಯಲ್ಲಿ ಇನ್ನೊಬ್ಬಳು ಕೂರುತ್ತಾಳೆ. ಅವಳು ಕಾಲನ್ನು ಹಿಂದಕ್ಕೆ ತಂದಳು.

"ಲೇಪೇಕಾ! ಕಿವಿ ಇಲ್ವೇನೇ?"

ಕೋಕೋ ಹಾಕಿದ ಅನ್ನ ಸೀದ ವಾಸನೆ ಕೋಣೆಗೆ ಬಂತು. ಹನ್ನೊಂದು ವರ್ಷದಲ್ಲಿ ಅವಳು ಒಂದು ಪಾತ್ರೆಯನ್ನೂ ಸೀಯಲು ಬಿಟ್ಟವಳಲ್ಲ. ರಾತ್ರಿಯ ಊಟಕ್ಕೆ ಈ ಮನೆಯ ಚಾಪೆಯ ಮೇಲೆ ತನಗೆ ಎಲೆಯಿರುತ್ತದೋ ಇಲ್ಲವೋ, ಇಸಾಕೊ ತನ್ನ ಮುಖ ನೋಡುತ್ತಾನೋ ಇಲ್ಲವೋ ಗೊತ್ತಿರಲಿಲ್ಲ. ಸೀನಾಪಾತಿಯ ಹೆಜ್ಜೆ ಹೊಸ್ತಿಲವರೆಗೆ ಬಂದು ನಿಂತಿತು.

ಲೇಪೇಕಾ ತಿರುಗಲಿಲ್ಲ. ಕೈ ಒರೆಸಿಕೊಂಡು ಹತ್ತೊಂಬತ್ತನೆಯ ಹಾಳೆಯನ್ನು ನೆಟ್ಟಗೆ ಹಿಡಿದು ಒಳಗಿಟ್ಟಳು.