ಹೆಸರು ಅದಲುಬದಲಾದ ಎರಡು ತಂತಿಗಳು

ಮೀಟರ್ ಮಾವ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಕರೆಂಟ್ ಮೀಟರು ರಿಪೇರಿ ಮಾಡುತ್ತಲೇ ತಲೆ ನರೆತ ಮನುಷ್ಯ. ಕೆಲಸ ಬಿಟ್ಟ ಮೇಲೂ ಕೈ ಸುಮ್ಮನಿರಲಿಲ್ಲ. ಕೋಳಿಮರಿ ಮಾಡಿಸಿ ಮಾರುವ ತಂಗಿಯ ಶೆಡ್ಡಿನಲ್ಲಿ, ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಗೆ ಅಂಗೈಯಗಲದ ಕಂಪ್ಯೂಟರೊಂದನ್ನು ಜೋಡಿಸಿಕೊಟ್ಟವರು ಅವರೇ.

ಅದಕ್ಕೆ ಎರಡು ತಂತಿ. ಒಂದು ಪೆಟ್ಟಿಗೆಯೊಳಗೆ ಬಿಸಿ ಎಷ್ಟಿದೆಯೆಂದು ತಿಳಿಸುವುದು, ಇನ್ನೊಂದು ಆ ಸುದ್ದಿಯನ್ನು ತಂಗಿಯ ಫೋನಿಗೆ ಮುಟ್ಟಿಸುವುದು. ಬಿಸಿ ಎಷ್ಟೆಂದು ತಿಳಿಯದಿದ್ದರೆ ಕಂಪ್ಯೂಟರು ಹೀಟರನ್ನೇ ಆರಿಸಿಬಿಡುತ್ತದೆ. ಮೊಟ್ಟೆ ಬೆಂದುಹೋಗಬಾರದೆಂದು ಮಾವನೇ ಹಾಗೆ ಮಾಡಿಟ್ಟಿದ್ದರು.

ಆವತ್ತು ಬೆಳಿಗ್ಗೆ ಕರೆಂಟು ಹೋಗಿ ಬಂದದ್ದೇ ತಡ, ಪರದೆಯ ಮೇಲೆ ಅಂಕಿ ಇರಬೇಕಾದಲ್ಲಿ ಬರೀ ಗೆರೆ. ಹೀಟರು ಆರಿತ್ತು. ಒಳಗೆ ಮರಿಗಳು ಇನ್ನೇನು ಚಿಪ್ಪು ಒಡೆಯಬೇಕು.

"ಅಣ್ಣಾ, ಹೀಟರನ್ನ ನೇರವಾಗಿ ಹಾಕಿಬಿಡು!"

"ಹಾಕಿದ್ರೆ ನಿಲ್ಲಿಸೋರು ಯಾರು? ಬೆಂದುಹೋಗ್ತವೆ."

"ಬಾಗಿಲಾದ್ರೂ ತೆಗೆದು ನೋಡ್ಲಾ?"

"ಮುಟ್ಟಬೇಡ. ಒಳಗಿನ ತೇವ ಹೋದ್ರೆ ಮರಿ ಚಿಪ್ಪಿಗೇ ಅಂಟ್ಕೊಂಡು ಸಾಯುತ್ತೆ."

ಮಾವ ಎರಡು ತಂತಿಗಳನ್ನು ಅದಲುಬದಲು ಮಾಡಿದರು. ಅಂಕಿ ಬಂತು. ತಂಗಿ ಉಸಿರು ಬಿಟ್ಟಳು. ಬಿಟ್ಟ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಕರೆಂಟು ಮತ್ತೆ ಹೋಗಿ ಬಂತು. ಮತ್ತೆ ಗೆರೆ.

ಆಗ ಮಾವನಿಗೆ ಹೊಳೆಯಿತು. ಕಂಪ್ಯೂಟರು ಏಳುವಾಗ ಯಾವ ತಂತಿ ಮೊದಲು ಕಣ್ಣಿಗೆ ಬೀಳುತ್ತದೋ ಅದಕ್ಕೆ 'ಇಟಿಎಚ್ ಸೊನ್ನೆ' ಎನ್ನುತ್ತದೆ, ಆಮೇಲೆ ಬಿದ್ದದ್ದಕ್ಕೆ 'ಇಟಿಎಚ್ ಒಂದು'. ಒಂದೊಂದು ಸಲ ಒಂದೊಂದು ಮುಂದೆ. ಬಿಸಿ ಎಷ್ಟೆಂದು 'ಸೊನ್ನೆ'ಯನ್ನೇ ಕೇಳು ಎಂದು ಮಾವ ಅದಕ್ಕೆ ಬರೆದಿಟ್ಟಿದ್ದರು. ಪಾಪ, ಅದು ಬಿಸಿ ಎಷ್ಟೆಂದು ಫೋನಿನ ತಂತಿಯನ್ನು ಕೇಳುತ್ತ ಕೂತಿತ್ತು.

ತಂತಿಯ ತುದಿಯ ಅಡಾಪ್ಟರಿನೊಳಗೆ ಇರುವ ನಂಬರು ಹಿಡಿದು ಹೆಸರು ಕಟ್ಟೋಣವೆಂದು ನೋಡಿದರೆ, ಎರಡರಲ್ಲೂ ಒಂದೇ ನಂಬರು.

"ಎಲ್ಲಿಂದ ತಂದೆ ಇವನ್ನ?"

"ತಳ್ಳುಗಾಡಿಯವನ ಹತ್ರ. ಜೋಡಿ ತಗೊಂಡ್ರೆ ಅಗ್ಗ ಅಂದ."

"ಅವಳಿ ಮಕ್ಕಳಿಗೆ ಒಂದೇ ಹೆಸರಿಟ್ಟು ಕಳಿಸಿದಾನೆ, ಪುಣ್ಯಾತ್ಮ."

ಉಳಿದದ್ದು ಒಂದೇ ದಾರಿ. ಯಾವ ಕಿಂಡಿಯಲ್ಲಿ ಚುಚ್ಚಿದೆಯೋ ಆ ಕಿಂಡಿಗೇ ಹೆಸರು. ಮೇಲಿನದಕ್ಕೆ 'ಕಾವು', ಕೆಳಗಿನದಕ್ಕೆ 'ಸುದ್ದಿ' ಎಂದು ಕಂಪ್ಯೂಟರಿನೊಳಗೆ ಬರೆದರು. ಎರಡು ಸಲ ತಪ್ಪಾಗಿ, ಅಳಿಸಿ ಬರೆದರು. ಕಣ್ಣಿಗೆ ಬೆವರಿಳಿದು ಅಕ್ಷರ ಕಾಣದಾದಾಗ ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದು, ಕಂಪ್ಯೂಟರನ್ನು ಆರಿಸಿ ಹಚ್ಚಿದರು.

ಗೆರೆ.

ಪೆಟ್ಟಿಗೆಯ ಮೈ ಮುಟ್ಟಿ ನೋಡಿದರು. ಬೆಚ್ಚಗಿದ್ದದ್ದು ಈಗ ತಣ್ಣಗಾಗುತ್ತಿತ್ತು. ಬರೆದದ್ದನ್ನು ಅಕ್ಷರ ಅಕ್ಷರ ಓದಿದರು. ತಪ್ಪಿಲ್ಲ. ಕಂಪ್ಯೂಟರಿನ ಮೇಲೆ ಕಣ್ಣು ಬಿದ್ದಾಗ, ಅದು ತೊಳೆದಿಟ್ಟ ಲೋಟದಂತೆ ಹೊಳೆಯುತ್ತಿತ್ತು.

"ಇದನ್ನ ಯಾರು ಒರೆಸಿದ್ದು?"

"ನಾನೇ," ಎಂದಳು ತಂಗಿ. "ನೀನು ಮುಖ ತೊಳೆಯೋಕೆ ಹೋದಾಗ. ಧೂಳು ಕೂತು ಕೆಟ್ಟಿದ್ಯೇನೋ ಅಂತ. ದಿನಾ ಒರೆಸ್ತೀನಲ್ಲ."

"ಆಮೇಲೆ ತಂತಿ ಎಲ್ಲಿಗೆ ಚುಚ್ಚಿದೆ?"

"ಯಾವ ತೂತು ಖಾಲಿ ಇತ್ತೋ ಅದಕ್ಕೆ. ಎರಡೂ ಒಂದೇ ಥರ ಇದಾವಲ್ಲ!"

ಮಾವನಿಗೆ ಬೈಯಲೂ ಹೊತ್ತಿರಲಿಲ್ಲ. ತಂತಿಗಳನ್ನು ಸರಿಯಾದ ಕಿಂಡಿಗೆ ಹಾಕಿದರು. ಅಂಕಿ ಮೂಡಿತು. ಹೀಟರು ಟಕ್ಕೆಂದು ಹೊತ್ತಿಕೊಂಡಿತು. ಬೇಕಾದಷ್ಟು ಬಿಸಿ ಇರಲಿಲ್ಲ, ಆದರೆ ಮೇಲೇರುತ್ತಿತ್ತು.

"ಸಾಕು, ನೀನು ಈ ಕಡೆ ಬಾ," ಎಂದರು ಮಾವ. "ಇನ್ನು ಬಟ್ಟೆ ಹಿಡ್ಕೊಂಡು ಇದರ ಹತ್ರ ಬಂದ್ರೆ ನೋಡು."

ತಂಗಿ ಕದಲಲಿಲ್ಲ. "ಕರೆಂಟ್ ಆರಿಸಿ ಹಾಕು."

"ಏನು? ಈಗ ತಾನೇ ಬಿಸಿ ಏರ್ತಾ ಇದೆ, ಮಾರಾಯ್ತಿ!"

"ಬೆಳಿಗ್ಗೇನೂ ಒಂದ್ಸಲ ಬಂತು, ಆಮೇಲೆ ಕೈಕೊಡ್ತು. ನೀನು ಮನೆಗೆ ಹೋದ್ಮೇಲೆ ಕರೆಂಟ್ ಹೋದ್ರೆ ನಾನು ಯಾರ ಕಾಲು ಹಿಡೀಲಿ?"

ಮಾವ ಸ್ವಿಚ್ಚಿನ ಮೇಲೆ ಬೆರಳಿಟ್ಟರು. ಒತ್ತಲು ಆಗಲಿಲ್ಲ. ಕೊನೆಗೆ ತಂಗಿಯೇ ಅವರ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದಳು. ಆರಿತು. ಹಚ್ಚಿದರು. ಕಂಪ್ಯೂಟರು ಆಕಳಿಸುತ್ತ ಎದ್ದಿತು. ಅಂಕಿ ಬಂತು.

"ಇನ್ನೊಂದ್ಸಲ," ಎಂದಳು ತಂಗಿ.

ಮತ್ತೆ ಆರಿಸಿ ಹಚ್ಚಿದರು, ಮತ್ತೆ ಬಂತು. ಆಗ ಅವಳು ಒರೆಸುವ ಬಟ್ಟೆಯ ಅಂಚು ಹರಿದು, ಮೇಲಿನ ತಂತಿ ಇನ್ನು ಬೇರೆ ಕಿಂಡಿಗೆ ಹೋಗದಂತೆ, ಅದನ್ನು ಪಕ್ಕದಲ್ಲೇ ಇದ್ದ ಶೆಡ್ಡಿನ ಕಂಬಿಗೆ ಬಿಗಿಯಾಗಿ ಕಟ್ಟಿದಳು. ಮಾವ ಹೊರಡಲಿಲ್ಲ. ಪೆಟ್ಟಿಗೆಗೆ ಕಿವಿಯಿಟ್ಟು, ಒಳಗೆ ಯಾವುದಾದರೂ ಚಿಪ್ಪು ಟಿಕ್ಕೆನ್ನುತ್ತದೋ ಎಂದು ಕಾಯುತ್ತ ನೆಲದ ಮೇಲೆ ಕೂತರು.